ಆಳಿನ ಲೆಕ್ಕದಲ್ಲಿ ನನ್ನ ಹೆಸರು ಯಾಕಿರಲಿಲ್ಲ?

ನಮ್ಮನೆಯವರಿಗೆ ಲೆಕ್ಕ ಬರೆಯುವ ಅಭ್ಯಾಸ ಚೆನ್ನಾಗಿತ್ತು. ಯಾವ ದಿನ ಯಾರು ಕೆಲಸಕ್ಕೆ ಬಂದರು, ಎಷ್ಟು ಕೊಟ್ಟದ್ದು, ಎಷ್ಟು ಬಾಕಿ, ಮೈಲುತುತ್ತ ಎಷ್ಟು ಕೆಜಿ, ಕೊನೆಗಾರನಿಗೆ ಎಷ್ಟು – ಎಲ್ಲವೂ ಒಂದು ಉದ್ದ ಪುಸ್ತಕದಲ್ಲಿ. 2013ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ತಿಂಗಳು ಕಳೆದ ಮೇಲೆ, ಆಳುಗಳ ಬಾಕಿ ಕೊಡಬೇಕಲ್ಲ ಅಂತ ಆ ಪುಸ್ತಕ ತೆಗೆದೆ. ಒಂದು ತೆಗೆದವಳು ಹಳೆಯದನ್ನೆಲ್ಲ ತೆಗೆದು ಕೂತೆ.

ಎತ್ತಿಗೆ ಹಾಕಿದ ಹಿಂಡಿಯ ಲೆಕ್ಕ ಅದರಲ್ಲಿತ್ತು. ನಾಯಿ ಕಚ್ಚಿದ ಆಳಿಗೆ ಇಂಜೆಕ್ಷನ್‌ಗೆ ಕೊಟ್ಟ ದುಡ್ಡೂ ಇತ್ತು. 1988ರಲ್ಲಿ ಮದುವೆಯಾಗಿ ಬಂದು ಇಪ್ಪತ್ತೈದು ವರ್ಷ ಅದೇ ತೋಟ-ಗದ್ದೆಯಲ್ಲಿ ಕೆಲಸ ಮಾಡಿದ ನನ್ನ ಹೆಸರು ಒಂದು ಕಡೆಯೂ ಇರಲಿಲ್ಲ. ನಮ್ಮ ಅತ್ತೆಯದ್ದೂ ಇರಲಿಲ್ಲ.

ಇದರಲ್ಲಿ ಅವರ ತಪ್ಪೇನಿಲ್ಲ. ಮನೆಯವರಿಗೆ ಯಾರಾದ್ರೂ ಕೂಲಿ ಬರೀತಾರಾ? ನಾನೂ ಹಾಗೇ ತಿಳಿದಿದ್ದೆ. ಆದರೆ ಲೆಕ್ಕದಲ್ಲಿ ಇಲ್ಲದವಳಿಗೆ ಲೋಕದಲ್ಲಿ ಎಷ್ಟು ಬೆಲೆ ಅಂತ ಆ ವರ್ಷವೇ ಗೊತ್ತಾಯ್ತು. ಅಡಿಕೆ ಮಂಡಿಗೆ ಮುಂಗಡ ಕೇಳಲು ಹೋದರೆ "ಮಗ ಬರಲಿ" ಅಂದರು. ಮಗ ಆಗ ಕಾಲೇಜಿನಲ್ಲಿದ್ದ. ಒಂದು ಬುಟ್ಟಿ ಗೊಬ್ಬರ ಹೊತ್ತವನಲ್ಲ. ಸೊಸೈಟಿಗೆ ಹೋದರೆ "ಪಹಣಿ ತನ್ನಿ" ಅಂದರು. ಪಹಣಿ ನೋಡಿದರೆ 2003ರಲ್ಲಿ ತೀರಿಕೊಂಡ ಮಾವನವರ ಹೆಸರಲ್ಲೇ ಇತ್ತು!

ಒಂದೂವರೆ ಎಕರೆ ತೋಟ, ಒಂದೆಕರೆ ಗದ್ದೆಯ ನನ್ನಂಥವಳ ಕಥೆಯನ್ನು ಇಲ್ಲಿ ಬರೆಯುತ್ತಿರುವುದು ಸಹಾನುಭೂತಿಗಲ್ಲ. ಹೆಂಗಸಿನ ಕೆಲಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೃಷಿಗೇ ನಷ್ಟ, ಇದು ನಾನು ಅನುಭವದಿಂದ ಕಂಡದ್ದು. ಅದನ್ನು ಹೇಳಬೇಕು.

ಕೊಳಗ ಮತ್ತು ಡಬ್ಬ

ನಮ್ಮ ಅತ್ತೆಯ ತವರು ಸಾಗರದ ಕಡೆ. ಕಾಗೋಡು ಸತ್ಯಾಗ್ರಹ ಆದಾಗ ಅವರಿಗೆ ಹತ್ತು ವರ್ಷವಂತೆ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೇ ಶುರುವಾದ ಜಗಳ ಅದು. 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತನದಲ್ಲಿ ಗೇಣಿದಾರರು ಗದ್ದೆಗಿಳಿದರು. ರಾಮಮನೋಹರ ಲೋಹಿಯಾ ಬಂದು ಜೈಲು ಸೇರಿದರು. ತೀರ್ಥಹಳ್ಳಿ ತಾಲೂಕಿನ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ಶಾಸಕರಾದದ್ದು ಆ ಹೋರಾಟದ ಬಲದಿಂದಲೇ. ಹೀಗೆ ನಮ್ಮ ಮೂರು ತಾಲೂಕುಗಳಿಗೂ ಅದು ಮನೆಯ ಕಥೆ.

ದೇವರಾಜ ಅರಸರ ಕಾಲದ ಕಾಯಿದೆ ಬಂದು 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯ್ತು. ನಮ್ಮ ಮಾವನವರು ಡಿಕ್ಲರೇಷನ್ ಹಾಕಿದರು. ಭೂನ್ಯಾಯ ಮಂಡಳಿ ಭೂಮಿ ಮಂಜೂರು ಮಾಡಿತು. ಆ ಕಾಯಿದೆ ಇಲ್ಲದಿದ್ದರೆ ನಾನು ಇವತ್ತು ಈ ಲೇಖನ ಬರೆಯುತ್ತಿರಲಿಲ್ಲ, ಯಾರದೋ ತೋಟದಲ್ಲಿ ದರಗು ಹೊರುತ್ತಿದ್ದೆ. ಅದನ್ನು ಮರೆಯುವುದಿಲ್ಲ.

ಆದರೆ ಆಗಿನ ಘೋಷಣೆ ಏನು? "ಉಳುವವನೇ ಹೊಲದೊಡೆಯ." ನಮ್ಮ ಕಡೆ ಹೆಂಗಸರು ನೇಗಿಲು ಮುಟ್ಟಬಾರದು ಅಂತ ಕಟ್ಟಳೆ. ಉಳುವವನು ಗಂಡಸೇ. ಸಸಿ ಕಿತ್ತು, ನೆಟ್ಟಿ ಮಾಡಿ, ಕಳೆ ತೆಗೆದು, ಕೊಯ್ದವಳು? ಉಳುಮೆ ನಾಲ್ಕೈದು ದಿನದ್ದು, ಉಳಿದದ್ದು ನಾಲ್ಕೈದು ತಿಂಗಳದ್ದು. ಅತ್ತೆ ಮಾವ ಇಬ್ಬರೂ ಸೇರಿ ಗೇಣಿ ಮಾಡಿದ ಭೂಮಿಯ ಡಿಕ್ಲರೇಷನ್‌ನಲ್ಲಿ ಬಂದದ್ದು ಒಬ್ಬರ ಹೆಸರು.

ಇದರ ಮುಂದಿನ ಮಾತನ್ನೂ ಬರೆಯಬೇಕು, ಇಲ್ಲದಿದ್ದರೆ ಅರ್ಧ ಸತ್ಯವಾಗ್ತದೆ. ಅಡಿಕೆ ಸುಲಿಯಲು ನಮ್ಮಲ್ಲಿಗೆ ನಾಲ್ಕು ಹೆಂಗಸರು ಬರುತ್ತಿದ್ದರು. ಸಂಜೆ ಮನೆಯ ಊಟ ಮುಗಿಸಿ ಬಂದರೆ ಮೆಟ್ಟುಗತ್ತಿಯ ಮುಂದೆ ಹನ್ನೊಂದು ಹನ್ನೆರಡು ಗಂಟೆಯವರೆಗೆ. ಚೊಗರಿನಿಂದ ಕೈಯೆಲ್ಲ ಕಪ್ಪು. ಕೂಲಿ ಸುಲಿದ ಬೆಳೆ ಅಳೆಯುವ ಡಬ್ಬದ ಲೆಕ್ಕದಲ್ಲಿ. ಅಳೆಯುವವರು ನಮ್ಮ ಅತ್ತೆ. ಡಬ್ಬದ ಬಾಯಿಯ ಮೇಲೆ ಗೋಪುರ ಬರುವವರೆಗೆ ತುಂಬಿ ಒಂದು ಡಬ್ಬ ಅನ್ನುತ್ತಿದ್ದರು. ಕೊಳಗ ದೊಡ್ಡದಾಯ್ತು ಅಂತ ಜೈಲಿಗೆ ಹೋದವರ ಊರಿನ ಮಗಳು! ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಬಾಯಿ ಬಿಡಲಿಲ್ಲ. ಅಳತೆ ಯಾರ ಕೈಗೆ ಬರ್ತದೋ ಅವರಿಗೆ ಅದು ಸಣ್ಣದಾಗಿಯೇ ಕಾಣ್ತದೆ.

ಒಂದು ವರ್ಷ ಬರೆದ ಲೆಕ್ಕ

2014ರ ಯುಗಾದಿಯಿಂದ ಮುಂದಿನ ಯುಗಾದಿವರೆಗೆ ನನ್ನ ಕೆಲಸವನ್ನು ನಾನೇ ಬರೆದೆ. ಎಂಟು ಗಂಟೆಗೆ ಒಂದು ಆಳು ಅಂತ ಹಿಡಿದೆ. ಮನೆಯ ಅಡುಗೆ, ಬಟ್ಟೆ, ಮುಸುರೆ ಸೇರಿಸಲಿಲ್ಲ. ಕೃಷಿಗೆ ಸಂಬಂಧಪಟ್ಟದ್ದು ಮಾತ್ರ.

ತೋಟ ಮತ್ತು ಗದ್ದೆಗೆ 112 ಆಳು. ಅಡಿಕೆ ಸುಲಿತ, ಬೇಯಿಸುವುದು, ಒಣಗಿಸುವುದು, ಆರಿಸುವುದಕ್ಕೆ 44. ಕೊಟ್ಟಿಗೆ ಕೆಲಸ ದಿನಕ್ಕೆ ಮೂರು ಗಂಟೆಯಂತೆ 137. ಆಳುಗಳಿಗೆ ತಿಂಡಿ, ಕಾಫಿ, ಊಟಕ್ಕೆ 18. ಒಟ್ಟು 311. ಅದೇ ವರ್ಷ ಹೊರಗಿನಿಂದ ಬಂದ ಆಳು, ಗಂಡು ಹೆಣ್ಣು ಸೇರಿ, 150ರ ಆಸುಪಾಸು. ಅಂದರೆ ಈ ತೋಟದ ದೊಡ್ಡ ಆಳು ನಾನೇ!

ಸಂಖ್ಯೆ ನೋಡಿ ಹೆಮ್ಮೆಯಾದದ್ದು ಒಂದು ದಿನ ಮಾತ್ರ. ಮರುದಿನ ಒಂದೊಂದೇ ಬಾಬಿಗೆ ನನ್ನ ಕೂಲಿ ಸೇರಿಸಿ ನೋಡಿದೆ.

ಕೆಂಪಡಿಕೆ ಮಾಡುವುದು ಲಾಭವಾ, ಹಸಿ ಅಡಿಕೆ ಕೊಟ್ಟುಬಿಡುವುದಾ ಎಂಬುದು ನಮ್ಮಂಥ ಸಣ್ಣವರ ಪ್ರತಿ ವರ್ಷದ ಚರ್ಚೆ. ನನ್ನ ಕೂಲಿ ಹಿಡಿದರೂ ಬೇಯಿಸಿದ್ದರಲ್ಲೇ ಸ್ವಲ್ಪ ಹೆಚ್ಚು ಉಳಿಯಿತು. ಆದರೆ ಮೊದಲು "ಲಾಭ" ಅಂತ ನಾವು ಹೇಳುತ್ತಿದ್ದುದರಲ್ಲಿ ಹೆಚ್ಚಿನ ಪಾಲು ರಾತ್ರಿ ನಿದ್ದೆಗೆಟ್ಟ ಕೂಲಿ ಅಂತ ಗೊತ್ತಾಯ್ತು.

ಕೊಟ್ಟಿಗೆಯ ಲೆಕ್ಕ ಹಾಗಿರಲಿಲ್ಲ. ಡೇರಿಯ ಹಾಲಿನ ದುಡ್ಡಿನಲ್ಲಿ ಹಿಂಡಿ, ಔಷಧಿ ಕಳೆದು, ಗೊಬ್ಬರದ ಬೆಲೆ ಸೇರಿಸಿ 137ರಿಂದ ಭಾಗಿಸಿದೆ. ದಿನಕ್ಕೆ ಬಿದ್ದದ್ದು ಹೆಣ್ಣಾಳಿನ ಕೂಲಿಯ ಅರ್ಧಕ್ಕೂ ಕಡಿಮೆ. ಎರಡು ದನ ಕಟ್ಟಿದ್ದರಿಂದ ಮನೆ ನಡೀತಾ ಇದೆ ಅಂತ ಇಡೀ ಮನೆ ನಂಬಿತ್ತು. ನಡೆಸುತ್ತಿದ್ದುದು ದನವಲ್ಲ, ಬಾವಿಯಿಂದ ಕೊಟ್ಟಿಗೆಗೆ ಕೊಡಪಾನ ಹೊತ್ತ ಕೈ.

ಒಂದು ದನ ಕೊಟ್ಟೆ. ಇನ್ನೊಂದನ್ನು ಇಟ್ಟುಕೊಂಡು ಕೊಟ್ಟಿಗೆಗೆ ಪೈಪಿನಲ್ಲಿ ನೀರು ತಂದೆ. ಅದಕ್ಕೆ ತಗಲಿದ ಖರ್ಚು ಆ ಹಿಂದಿನ ವರ್ಷ ಔಷಧಿ ಹೊಡೆಯುವ ಪಂಪಿನ ರಿಪೇರಿಗೆ ಆದದ್ದಕ್ಕಿಂತ ಕಡಿಮೆ. ಇಪ್ಪತ್ತೈದು ವರ್ಷ ಯಾಕೆ ಹಾಕಿಸಲಿಲ್ಲ? ನೀರು ಹೊರುವುದಕ್ಕೆ ಖರ್ಚಿಲ್ಲ ಅಂತ ಲೆಕ್ಕದ ಪುಸ್ತಕ ಹೇಳುತ್ತಿತ್ತು, ಅದಕ್ಕೆ! ಉಳಿದ ಹೊತ್ತಿನಲ್ಲಿ 60 ಅಡಿಕೆ ಮರಕ್ಕೆ ಪಣಿಯೂರು ಮೆಣಸಿನ ಬಳ್ಳಿ ಹಬ್ಬಿಸಿದೆ. ಒಂದಿಷ್ಟು ಸೊರಗು ರೋಗಕ್ಕೆ ಹೋದವು. ಉಳಿದದ್ದು ಈಗ ಎಲೆಚುಕ್ಕಿ ರೋಗದಲ್ಲಿ ಅಡಿಕೆ ಸೊರಗಿದ ವರ್ಷಗಳಲ್ಲಿ ಕೈ ಹಿಡಿದಿದೆ.

ಕೂಲಿಯಲ್ಲಿ ಎರಡು ಅಳತೆ

ನನ್ನ ಕೂಲಿ ಬರೆದ ಮೇಲೆ ಬೇರೆಯವರದ್ದು ಕಣ್ಣಿಗೆ ಬೀಳದೆ ಇರ್ತದಾ? ಗೊಬ್ಬರ ಹೊರುವ ಕೆಲಸಕ್ಕೆ ಗಂಡಾಳು ಹೆಣ್ಣಾಳು ಒಟ್ಟಿಗೇ ಬರುತ್ತಾರೆ. ಬುಟ್ಟಿ ಒಂದೇ, ದಾರಿ ಒಂದೇ. ನಾನು ಹೆಣ್ಣಾಳಿಗೆ ಕೊಡುತ್ತಿದ್ದುದು ಗಂಡಾಳಿನ ಮುಕ್ಕಾಲು ಪಾಲು. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾಯಿದೆ 1976ರಲ್ಲೇ ಬಂದಿತ್ತು. 2005ರ ಉದ್ಯೋಗ ಖಾತರಿ ಕಾಯಿದೆಯಡಿ ಕೆರೆ ಹೂಳೆತ್ತಿದವರಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಒಂದೇ ಕೂಲಿ ಸಿಕ್ಕಿತು. ನಮ್ಮ ತೋಟದ ದಣಪೆ ದಾಟಿ ಒಳಗೆ ಬರಲಿಲ್ಲ ಅಷ್ಟೇ.

2016ರಿಂದ ನಾನು ಒಂದೇ ಕೂಲಿ ಮಾಡಿದೆ. ಮರ ಹತ್ತುವ ಕೊನೆಗಾರನ ಕೆಲಸ ಬೇರೆ, ಅದಕ್ಕೆ ಬೇರೆ ದರ ನ್ಯಾಯ. ಒಂದೇ ಕೆಲಸ ಮಾಡುವಲ್ಲಿ ಮಾತ್ರ ಒಂದೇ ದರ. ಪಕ್ಕದ ತೋಟದ ಭಾವ ಬಂದು, "ಎಂತಕ್ಕೆ ಅತ್ತಿಗೆ ರೇಟು ಕೆಡಿಸ್ತೀರಿ?" ಅಂತ ಕೇಳಿದರು. ಲೆಕ್ಕ ತೋರಿಸಿದೆ. ಆ ವರ್ಷ ನಾನು ಹೆಚ್ಚಿಗೆ ಕೊಟ್ಟದ್ದು ಒಂದು ಕ್ವಿಂಟಾಲ್ ಅಡಿಕೆಯ ಬೆಲೆಯ ಕಾಲು ಭಾಗವೂ ಆಗಿರಲಿಲ್ಲ. ಅವರು ಒಪ್ಪಲಿಲ್ಲ. ಆದರೆ ನೆಟ್ಟಿ ಸಮಯದಲ್ಲಿ ಎಲ್ಲರೂ ಆಳಿಲ್ಲ ಅಂತ ಒದ್ದಾಡುವಾಗ ನಮ್ಮಲ್ಲಿಗೆ ಹೇಳಿದ ದಿನಕ್ಕೆ ಬಂದರು. ಅದಕ್ಕೆ ಬೆಲೆ ಕಟ್ಟಿದರೆ ಲೆಕ್ಕ ನನ್ನ ಕಡೆಗೇ.

ಯಂತ್ರ ಬಂದಾಗ ಆದದ್ದು

ಸುಲಿಯುವ ಯಂತ್ರ ಬಂದದ್ದರಿಂದ ರಾತ್ರಿಯ ಕಷ್ಟ ತಪ್ಪಿತು, ಸುಳ್ಳಲ್ಲ. ಆದರೆ ನಮ್ಮೂರಲ್ಲಿ ಯಂತ್ರ ತಂದವರು ಗಂಡಸರು, ನಡೆಸುವವರು ಗಂಡಸರು. ಮೆಟ್ಟುಗತ್ತಿಯ ಮುಂದೆ ಕೂತಿದ್ದ ಆ ನಾಲ್ವರಿಗೆ ದೀಪಾವಳಿಯಿಂದ ಶಿವರಾತ್ರಿವರೆಗೆ ಕೈಗೆ ಬರುತ್ತಿದ್ದ ದುಡ್ಡು ನಿಂತಿತು. ಯಂತ್ರದಲ್ಲಿ ಸರಿಯಾಗಿ ಸುಲಿಯದೆ ಬಿದ್ದದ್ದನ್ನು ಹೆಕ್ಕಿ ಸುಲಿಯುವ ಕೆಲಸ ಮಾತ್ರ ಉಳಿಯಿತು.

ಇದು ನಮ್ಮೂರಿನದ್ದು ಮಾತ್ರ ಅಂದುಕೊಂಡಿದ್ದೆ. ಡೆನ್ಮಾರ್ಕಿನ ಎಸ್ತರ್ ಬೋಸರಪ್ ಎಂಬ ಅರ್ಥಶಾಸ್ತ್ರಜ್ಞೆ 1970ರಲ್ಲೇ ಆಫ್ರಿಕಾ, ಏಷ್ಯಾದ ಹಳ್ಳಿಗಳನ್ನು ನೋಡಿ ಪುಸ್ತಕ ಬರೆದು ಇದನ್ನೇ ಹೇಳಿದ್ದರು. ಹೊಸ ಉಪಕರಣ, ಹೊಸ ತರಬೇತಿ, ನಗದು ಬೆಳೆ ಬಂದಾಗ ಗಂಡಸರ ಕೈ ಸೇರ್ತದೆ; ಹೆಂಗಸರು ಹಳೇ ಕತ್ತಿ ಗುದ್ದಲಿಯಲ್ಲೇ ಉಳೀತಾರೆ. ಹಾಗಾಗಿ ದೇಶ "ಅಭಿವೃದ್ಧಿ" ಆದ ಹಾಗೆಲ್ಲ ಅವರ ಸ್ಥಾನ ಕೆಳಗಿಳಿಯುವುದೂ ಉಂಟು. ನಮ್ಮ ಸಂಘದ ಐದು ಜನ ಸೇರಿ ಸಾಲದಲ್ಲಿ ಒಂದು ಯಂತ್ರ ತರೋಣ ಅಂತ ಮೂರು ವರ್ಷದಿಂದ ಮಾತಾಡ್ತಾ ಇದ್ದೇವೆ. ಇನ್ನೂ ತಂದಿಲ್ಲ. "ರಿಪೇರಿ ಯಾರು ಮಾಡ್ತಾರೆ?" ಅನ್ನುವ ಪ್ರಶ್ನೆಯಲ್ಲೇ ನಿಂತಿದೆ.

ಇನ್ನೊಂದು ಸಂಗತಿ ನಮ್ಮಂಥವರಿಗೆ ಬೇಗ ಅರ್ಥವಾಗ್ತದೆ, ಗೊಬ್ಬರದ್ದಾದ ಕಾರಣ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಒಂದೇ ಮನೆಯಲ್ಲಿ ಗಂಡನಿಗೆ ಬೇರೆ ಹೊಲ, ಹೆಂಡತಿಗೆ ಬೇರೆ ಹೊಲ. ಕ್ರಿಸ್ಟೋಫರ್ ಉಡ್ರಿ ಎಂಬವರು 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದೇ ವರ್ಷ ಅದೇ ಬೆಳೆ ಹಾಕಿದರೂ ಹೆಂಗಸರ ಹೊಲದಲ್ಲಿ ಇಳುವರಿ ನೂರಕ್ಕೆ ಸುಮಾರು 30ರಷ್ಟು ಕಡಿಮೆ. ಅವರಿಗೆ ಬೇಸಾಯ ಬಾರದೆ ಅಲ್ಲ. ಗೊಬ್ಬರ ಹೆಚ್ಚುಕಡಿಮೆ ಎಲ್ಲ ಗಂಡಸರ ಹೊಲಕ್ಕೇ ಹೋಗುತ್ತಿತ್ತು, ಆಳೂ ಅಲ್ಲಿಗೇ. ಇದ್ದ ಗೊಬ್ಬರ, ಇದ್ದ ಆಳನ್ನೇ ಸರಿಯಾಗಿ ಹಂಚಿದ್ದರೆ ಮನೆಯ ಒಟ್ಟು ಬೆಳೆ ನೂರಕ್ಕೆ ಆರರಷ್ಟು ಹೆಚ್ಚಾಗುತ್ತಿತ್ತು. ಒಂದೇ ಮರದ ಬುಡಕ್ಕೆ ಹತ್ತು ಬುಟ್ಟಿ ಸುರಿದು ಪಕ್ಕದ್ದಕ್ಕೆ ಒಂದೂ ಹಾಕದಿದ್ದರೆ ಏನಾಗ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2011ರ ವರದಿಯಲ್ಲಿ ಇದನ್ನೇ ದೊಡ್ಡದಾಗಿ ಹೇಳಿದೆ: ಭೂಮಿ, ಸಾಲ, ಗೊಬ್ಬರ, ಮಾಹಿತಿ ಗಂಡಸರಷ್ಟೇ ಸಿಕ್ಕರೆ ಹೆಂಗಸರ ಹೊಲದ ಇಳುವರಿ ನೂರಕ್ಕೆ 20ರಿಂದ 30ರಷ್ಟು ಏರ್ತದೆ, ಬಡ ದೇಶಗಳ ಒಟ್ಟು ಕೃಷಿ ಉತ್ಪನ್ನ ಎರಡೂವರೆಯಿಂದ ನಾಲ್ಕರಷ್ಟು ಏರ್ತದೆ. ನಮ್ಮ ದೇಶದಲ್ಲಿ ಹಳ್ಳಿಯ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಮುಕ್ಕಾಲು ಪಾಲು ಕೃಷಿಯಲ್ಲಿದ್ದಾರೆ. 2015-16ರ ಕೃಷಿ ಗಣತಿಯಲ್ಲಿ ಹಿಡುವಳಿದಾರರು ಅಂತ ದಾಖಲಾದ ಹೆಂಗಸರು ನೂರಕ್ಕೆ ಸುಮಾರು 14. ಈ ಎರಡು ಸಂಖ್ಯೆಗಳ ನಡುವೆ ನನ್ನಂಥವರು ಇದ್ದೇವೆ.

ಸಹಿಯ ಕಥೆ

ಈಗ ಪಹಣಿಗೆ ಬರುತ್ತೇನೆ. ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದಾಗ ಅದರಲ್ಲಿ ಸಾಗರದಲ್ಲಿರುವ ನನ್ನ ನಾದಿನಿಯ ಹೆಸರೂ ಬಂತು. ಬರಲೇಬೇಕಲ್ಲ. ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿನಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ಇದೆ. ಅತ್ತೆಯೂ ತೀರಿಕೊಂಡಿದ್ದರು. ವಕೀಲರು, "ನಿಮ್ಮ ಸಂದರ್ಭದಲ್ಲಿ ಅವರಿಗೆ ಅರ್ಧ" ಅಂದಾಗ ನನ್ನ ಎದೆ ಝಲ್ಲೆಂದಿತು. ಊರಿನ ನಾಲ್ಕು ಜನ ಬುದ್ಧಿ ಹೇಳಿದರು: ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊ, ಖಾತೆ ಮಗನ ಹೆಸರಿಗೆ ಮಾಡಿಸು.

ಸೀರೆ ತಗೊಂಡು ಸಾಗರದ ಬಸ್ಸು ಹತ್ತಿದೆ. ದಾರಿಯಲ್ಲಿ ನೆನಪಾದದ್ದು 1996. ತೀರ್ಥಹಳ್ಳಿಯ ತವರಿನಲ್ಲಿ ಅಪ್ಪ ತೀರಿಕೊಂಡ ಮರುವರ್ಷ ಅಣ್ಣ ನನ್ನನ್ನು ಕರೆಸಿದ್ದ. ಊಟ ಹಾಕಿ, ಸೀರೆ ಕೊಟ್ಟು, ಒಂದು ಕಾಗದಕ್ಕೆ ಸಹಿ ಹಾಕಿಸಿದ್ದ. ಏನು ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅಣ್ಣ ಕೆಟ್ಟವನಲ್ಲ. ಹಬ್ಬಕ್ಕೆ ಕರೀತಾನೆ, ಕಷ್ಟಕ್ಕೆ ಬರ್ತಾನೆ. ಆದರೆ ಆ ದಿನ ನಾನು ಕೇಳಿದ್ದರೆ ಏನಾಗುತ್ತಿತ್ತು ಅಂತ ಇಬ್ಬರಿಗೂ ಗೊತ್ತು. ಈಗ ಅದೇ ಸೀರೆ ನನ್ನ ಚೀಲದಲ್ಲಿತ್ತು.

ನಾದಿನಿಯ ಮುಂದೆ ಸೀರೆ ಇಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ನಿನಗೆ ಅರ್ಧ ಬರ್ತದಂತೆ. ನಾನು ಕೇಳೋಕೆ ಬಂದಿದ್ದು ಅದನ್ನು ಬಿಡು ಅಂತ. ಯೋಚನೆ ಮಾಡಿ ಹೇಳು."

ಅವಳು ಎರಡು ವಾರ ಬಿಟ್ಟು ತಾನೇ ಬಂದಳು. "ಅತ್ತಿಗೆ, ತೋಟದಲ್ಲಿ ಹದಿನೈದು ಗುಂಟೆ ನನ್ನ ಹೆಸರಲ್ಲಿ ಇರಲಿ. ಉಳಿದದ್ದು ಬಿಡ್ತೀನಿ. ಆದ್ರೆ ಖಾತೆಯಲ್ಲಿ ಮೊದಲು ನಿಮ್ಮ ಹೆಸರು ಬರಬೇಕು. ಬರೀ ಹುಡುಗನ ಹೆಸರಿಗೆ ಮಾಡಿಸೋದಾದ್ರೆ ನಾನು ಸಹಿ ಹಾಕಲ್ಲ" ಅಂದಳು. ನಮ್ಮ ಅತ್ತೆ ಕಡೆಗಾಲದಲ್ಲಿ ಒಂದು ಮಾತ್ರೆಗೂ ಮಗನ ಮುಖ ನೋಡಬೇಕಾದದ್ದನ್ನು ಅವಳು ಕಂಡಿದ್ದಳು.

ಹಾಗೇ ಮಾಡಿದೆವು. ನನ್ನ, ಮಗನ, ಮಗಳ ಹೆಸರು ಜಂಟಿಯಾಗಿ ಬಂತು. ಜಂಟಿ ಖಾತೆಯ ತೊಂದರೆಯನ್ನೂ ಹೇಳಬೇಕು: ಸಾಲಕ್ಕೆ ಪ್ರತಿ ಸಲ ಎಲ್ಲರ ಒಪ್ಪಿಗೆ ಕೇಳಿದರು. ಆಮೇಲೆ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರ ನೋಂದಾಯಿಸಿ, ನನ್ನ ಪಾಲು ನನ್ನ ಹೆಸರಿಗೆ ಬಂದ ಮೇಲೆ ದಾರಿ ಸುಲಭವಾಯ್ತು. ನಾದಿನಿಯ ಹದಿನೈದು ಗುಂಟೆಯನ್ನು ನಾನೇ ನೋಡಿಕೊಳ್ತೇನೆ, ಉತ್ಪತ್ತಿಯಲ್ಲಿ ಅವಳ ಪಾಲು ಕೊಡ್ತೇನೆ. ಎಲ್ಲ ಸುಗಮ ಅಂತಲ್ಲ. ಕೊಳೆರೋಗ ಬಂದ ವರ್ಷ ಪಾಲು ಕೊಡುವಾಗ ಮನಸ್ಸು ಹಿಂಡ್ತದೆ. ಆದರೂ ಕೊಟ್ಟದ್ದು ದಾನ ಅಲ್ಲ ಅಂತ ನನಗೆ ನಾನೇ ಹೇಳಿಕೊಳ್ತೇನೆ.

ಪಹಣಿಯಲ್ಲಿ ಹೆಸರಿಲ್ಲದಿದ್ದರೆ ತಪ್ಪುವುದು ಸಾಲ ಮಾತ್ರವಲ್ಲ. 2019ರಲ್ಲಿ ಶುರುವಾದ ಕಿಸಾನ್ ಸಮ್ಮಾನ್‌ನ ವರ್ಷಕ್ಕೆ 6000 ರೂಪಾಯಿ ಜಮೀನು ಯಾರ ಹೆಸರಲ್ಲಿದೆಯೋ ಅವರಿಗೆ. ಹವಾಮಾನ ಆಧಾರಿತ ಬೆಳೆ ವಿಮೆ, ಸಬ್ಸಿಡಿ ಎಲ್ಲಕ್ಕೂ ಅದೇ ಕಾಗದ. ಜಮೀನಿಲ್ಲದೆಯೂ ಬೇಸಾಯ ಮಾಡುವ ಹೆಂಗಸನ್ನು ರೈತಳೆಂದು ಒಪ್ಪಬೇಕೆಂಬ ಮಸೂದೆಯನ್ನು ಎಂ.ಎಸ್. ಸ್ವಾಮಿನಾಥನ್ 2012ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದರು. ಅದು ಮರುವರ್ಷ ಬಿದ್ದುಹೋಯಿತು. ಈಗ ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯರ ಅಂತಾರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಸಭೆಗಳು ಆದಾವು. ಸಭೆಯಲ್ಲಿ ಕಾಫಿ ಹಂಚುವವರು ಯಾರು ಅಂತ ನೋಡಬೇಕು.

ನಾವೇ ಮಾಡಬಹುದಾದದ್ದು

ಮೊದಲನೆಯದು, ಒಂದು ವರ್ಷ ಲೆಕ್ಕ ಬರೆಯಿರಿ. ಮನೆಯ ಹೆಂಗಸರ ಆಳೂ ಅದರಲ್ಲಿರಲಿ. ದುಡ್ಡು ಕೊಡಲೇಬೇಕೆಂದಲ್ಲ, ಯಾವ ಬೆಳೆ, ಯಾವ ದನ, ಯಾವ ಯಂತ್ರ ನಿಜಕ್ಕೂ ಲಾಭ ಅಂತ ಆಗ ಮಾತ್ರ ಗೊತ್ತಾಗ್ತದೆ.

ಎರಡನೆಯದು, ಇವತ್ತೇ ಪಹಣಿ ತೆಗೆದು 9ನೇ ಕಲಂ ನೋಡಿ. ಸತ್ತವರ ಹೆಸರಿದ್ದರೆ ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬಿಟ್ಟರೆ ಮುಂದೆ ತಕರಾರಿಗೆ ಅದೇ ಬೀಜ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರಲ್ಲಿ ತಿದ್ದುಪಡಿಯಾಯ್ತು. ಆ ತಿದ್ದುಪಡಿಗೆ ಮೊದಲೇ ತಂದೆ ತೀರಿಕೊಂಡಿದ್ದರೂ ಅವಳ ಹಕ್ಕು ಹೋಗುವುದಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತವಾಗಿ ಆದ ಪಾಲುಗಳನ್ನು ಕೆದಕುವಂತಿಲ್ಲ.

ಮೂರನೆಯದು, ಸಹಿ ಹಾಕುವ ಮೊದಲು ಓದಿ. ಹಾಕಿಸಿಕೊಳ್ಳುವವರು ಓದಿ ಹೇಳಿ.

ನಾಲ್ಕನೆಯದು, ಒಂದೇ ಬುಟ್ಟಿಗೆ ಒಂದೇ ಕೂಲಿ.

ಈಗ ನನ್ನ ಲೆಕ್ಕದ ಪುಸ್ತಕದಲ್ಲಿ ಆಳುಗಳ ಪಟ್ಟಿಯ ಮೊದಲ ಸಾಲು ನನ್ನದೇ ಹೆಸರು. ಕಳೆದ ಸುಗ್ಗಿಯಲ್ಲಿ ಊರಿಗೆ ಬಂದ ಮಗ ಮೂರು ದಿನ ಚಪ್ಪರದ ಕೆಲಸ ಮಾಡಿದ. ಹೊರಡುವ ದಿನ ಪುಸ್ತಕ ತಿರುಗಿಸಿ ನೋಡಿ, "ಅಮ್ಮ, ನನ್ನ ಮೂರು ಆಳು ಬರೆದೇ ಇಲ್ವಲ್ಲ?" ಅಂತ ಕೇಳಿದ. ಮೂರು ದಿನಕ್ಕೆ ಅವನಿಗೆ ಅಷ್ಟು ಬೇಜಾರಾಯ್ತು. ನಗು ಬಂತು. ಬರೆದುಕೊಂಡೆ.